ಮಸ್ಕಿ ಕನಕರಾಯನ ಚೀನಾ ಮರ್ಯಾದೆ

ಕನಕರಾಯನ ಬಳಿ ಪಾಸ್‌ಪೋರ್ಟ್ ಇತ್ತು, ಹೋಗಲು ದೇಶ ಮಾತ್ರ ಇರಲಿಲ್ಲ. ನೀರಾವರಿ ಇಲಾಖೆಯ ಗುಮಾಸ್ತಿಕೆಯಿಂದ ನಿವೃತ್ತನಾದ ವರ್ಷ, ಮಸ್ಕಿಯ ತನ್ನ ಓಣಿಯಲ್ಲಿ ಯಾರ ಮನೆಗೂ ಪೊಲೀಸರು ಮರ್ಯಾದೆಯಿಂದ ಬಂದದ್ದಿಲ್ಲ ಎಂಬುದು ಅವನ ಗಮನಕ್ಕೆ ಬಂದು, ಅರ್ಜಿ ಹಾಕಿ ಮಾಡಿಸಿಕೊಂಡಿದ್ದ. ಪೊಲೀಸರೊಬ್ಬರು ಬಂದು, ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತು, ಚಹಾ ಕುಡಿದು, ಇವನ ಮೇಲೆ ಯಾವ ಕೇಸೂ ಇಲ್ಲವೆಂದು ಬರೆದುಕೊಂಡು ಹೋದರು. ಆಮೇಲೆ ಆ ಪುಸ್ತಕ ಒಮ್ಮೆ ಗ್ಯಾಸಿನ ಅಂಗಡಿಗೆ, ಒಮ್ಮೆ ಸಿಮ್ ಕಾರ್ಡಿನ ಅಂಗಡಿಗೆ, ಒಮ್ಮೆ ರಾಯಚೂರಿನ ಲಾಡ್ಜಿಗೆ ಹೋಗಿಬಂದಿತ್ತು. ಅದರ ವಿದೇಶ ಪ್ರವಾಸ ಅಷ್ಟಕ್ಕೇ ನಿಂತಿತ್ತು.

ಕನಕರಾಯನಿಗೆ ಅರವತ್ಮೂರು ತುಂಬಿದಾಗ ಅದಕ್ಕೆ ಯೋಗ ಕೂಡಿ ಬಂತು. ಅವನ ಹೆಂಡತಿ ಅಮರೇಶ್ವರಿಯ ತಮ್ಮ ವಿರೇಶ ಸಿಂಧನೂರಿನಲ್ಲಿ ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿ ಇಟ್ಟಿದ್ದ. ಆ ವರ್ಷ ಕಾಲುವೆ ಕೆಳಗಿನ ಭತ್ತಕ್ಕೆಲ್ಲ ಹುಳ ಬಿತ್ತು. ವಿರೇಶನಿಗೆ ಅದು ಒಳ್ಳೆಯದೇ ಆಯಿತು. ಹುಳಕ್ಕೆ ಹೊಡೆಯುವ ಎಣ್ಣೆ ಹೆಚ್ಚು ಮಾರಿದ ಅಂಗಡಿಕಾರರಿಗೆ ಎಂಟು ದಿನ ಚೀನಾ ತೋರಿಸಿಕೊಂಡು ಬರುತ್ತೇವೆಂದು ಕಂಪನಿಯವರು ಹೇಳಿದರು. ವಿರೇಶ ಹೊಸ ಬೂಟು ಕೊಂಡ, ಬಜಾರಿಗೆಲ್ಲ ಸುದ್ದಿ ಹೇಳಿದ, ಎಲ್ಲ ಮುಗಿದ ಮೇಲೆ ಪಾಸ್‌ಪೋರ್ಟ್ ತೆಗೆದು ನೋಡಿದ. ಅದರ ಅವಧಿ ಮುಗಿದು ಒಂದೂವರೆ ವರ್ಷವಾಗಿತ್ತು.

"ಮಾಮಾ, ಅಂಗಡಿ ಹೆಸರಿನ ಮ್ಯಾಲ ಮನಿ ಮಂದಿ ಯಾರರ ಒಬ್ರು ಹೋಗಬೌದಂತ್ರಿ. ನೀವು ಹೋಗಿ ಬರ್ರಿ," ಎಂದು ಅವನು ಬಂದು ಕೂತ.

"ನನಗ ಎಣ್ಣಿ ವ್ಯವಹಾರ ಏನೂ ಗೊತ್ತಿಲ್ಲಲ್ಲೋ."

"ಗೊತ್ತಿದ್ದವ್ರು ಯಾರೂ ಬರಂಗಿಲ್ರಿ. ಬರಾವ್ರೆಲ್ಲ ಅಂಗಡಿ ಇಟ್ಟಾವ್ರ."

ಒಂದೇ ತೊಡಕಿತ್ತು. ಮಗಳು ಅನುಪಮಾಳ ನಿಶ್ಚಿತಾರ್ಥ, ಕನಕರಾಯ ಚೀನಾದಿಂದ ಬಂದ ನಾಲ್ಕನೆಯ ದಿನಕ್ಕೆ ಗೊತ್ತಾಗಿತ್ತು. ವರ ಲಿಂಗಸುಗೂರಿನ ಶಿವಪ್ರಸಾದ, ಹೈಸ್ಕೂಲು ಮಾಸ್ತರ. ಅವನ ತಾಯಿ ಆದಮ್ಮ ಮೂವತ್ನಾಲ್ಕು ವರ್ಷ ನರ್ಸಮ್ಮನಾಗಿ ಹಳ್ಳಿ ಹಳ್ಳಿ ತಿರುಗಿ ನಿವೃತ್ತಳಾದ ಹೆಂಗಸು. ಆ ತಾಲೂಕಿನಲ್ಲಿ ಆಕೆಯ ಸೂಜಿ ತಾಗದ ತೋಳು ಕಡಿಮೆ. ಆ ಮನೆಯಲ್ಲಿ ಆಕೆ ಹೂಂ ಅಂದರೆ ಹೂಂ, ಊಹೂಂ ಅಂದರೆ ಮುಗಿಯಿತು. ನಾಲ್ಕು ದಿನ ಸಾಕಷ್ಟು ಅಂತರ ಎಂದು ಎಲ್ಲರೂ ಲೆಕ್ಕ ಹಾಕಿ ಕನಕರಾಯನಿಗೆ ಹೋಗಲು ಒಪ್ಪಿಗೆ ಕೊಟ್ಟರು.

ಚೀನಾದ ಬಗ್ಗೆ ಕನಕರಾಯನಿಗೆ ಒಂದೇ ಅಭಿಪ್ರಾಯವಿತ್ತು: ಅಲ್ಲಿಯವರಿಗೆ ಮಸ್ಕಿ ಗೊತ್ತಿರಲೇಬೇಕು. ಬುದ್ಧನ ಧರ್ಮವನ್ನು ದೇಶದೇಶಕ್ಕೆ ಕಳಿಸಿದವನು ಅಶೋಕ. ಅಶೋಕ ಎಂಬ ಹೆಸರು ಕೊರೆದ ಶಾಸನ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಆ ಮಸ್ಕಿಯಲ್ಲಿ ಇವನ ಮನೆ ಇದೆ. ಚೀನಾದವರು ಕನಕರಾಯನಿಗೆ ಎಷ್ಟು ಋಣಿಗಳಾಗಿರಬೇಕು ಎಂಬುದನ್ನು ಇನ್ನು ಬಿಡಿಸಿ ಹೇಳಬೇಕಿಲ್ಲ.

ಅನುಪಮಾ ಅಪ್ಪನ ಮೊಬೈಲಿನಲ್ಲಿ ಮಾತು ತರ್ಜುಮೆ ಮಾಡುವ ಆ್ಯಪ್ ಹಾಕಿಕೊಟ್ಟಳು.

"ಅಪ್ಪಾ, ಇದರಾಗ ನೀ ಕನ್ನಡ ಮಾತಾಡಿದ್ರ ಅದು ಚೀನಿ ಭಾಷಾದಾಗ ಹೇಳತೈತಿ. ಆದ್ರ ನಮ್ಮ ಕಡಿ ಮಾತು ಅದಕ್ಕ ತಿಳಿಯಂಗಿಲ್ಲ. ಪುಸ್ತಕದಾಗಿನ ಕನ್ನಡ ಮಾತಾಡಬೇಕು."

"ಮೂವತ್ತೈದು ವರ್ಷ ಸರಕಾರಿ ಪತ್ರ ಬರದಾವ ನಾ. ನನಗ ಹೇಳ್ತಿ?" ಎಂದು ಕನಕರಾಯ ಮೊಬೈಲನ್ನು ಬಾಯಿಯ ಮುಂದೆ ಹಿಡಿದು, "ಮಾನ್ಯರೇ, ನಾನು ಮಸ್ಕಿಯವನು," ಎಂದ. ಮೊಬೈಲು ಹೆಣ್ಣು ದನಿಯಲ್ಲಿ ಏನೋ ಹೇಳಿತು. ಮನೆಯಲ್ಲಿ ಯಾರಿಗೂ ಚೀನಿ ಬಾರದ್ದರಿಂದ ಎಲ್ಲರೂ ಮೆಚ್ಚಿದರು. "ಉಚ್ಚಾರ ಛಲೋ ಐತಿ," ಎಂದಳು ಅಮರೇಶ್ವರಿ.

ನಿಜ ಸಂಗತಿ ಏನೆಂದರೆ ಆ ಮೊಬೈಲು ಮಸ್ಕಿ ಎಂಬ ಊರಿನ ಹೆಸರೇ ಕೇಳಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಮೂಗು ಬಾಯಿ ಮುಚ್ಚುವ ಮಾಸ್ಕ್. ಮಸ್ಕಿ ಎಂದಾಗಲೆಲ್ಲ ಅದು ಮಾಸ್ಕ್ ಎಂದೇ ಹಿಡಿದು, ಉಳಿದ ಮಾತನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಿತ್ತು. ಹೀಗೆ ಒಬ್ಬ ಮನುಷ್ಯ ಅಶೋಕನ ಊರಿನ ಪ್ರತಿನಿಧಿಯಾಗಿ ಮಸ್ಕಿ ಬಿಟ್ಟು, ಮಾಸ್ಕ್ ಇಲ್ಲದ ರೋಗಿಯಾಗಿ ಬೀಜಿಂಗಿನಲ್ಲಿ ಇಳಿದ.

ಬೀಜಿಂಗಿನಲ್ಲಿ ನವೆಂಬರಿನ ಗಾಳಿ ಕಿವಿ ಕೊಯ್ಯುವಂತಿತ್ತು. ನಲವತ್ತು ಅಂಗಡಿಕಾರರು ಕಂಪನಿಯ ಹಳದಿ ಟೋಪಿ ಹಾಕಿಕೊಂಡು, ಬಾವುಟ ಹಿಡಿದ ಗೈಡ್ ಹುಡುಗಿಯ ಹಿಂದೆ ಹಳೆಯ ಅರಮನೆ ನೋಡಲು ಹೊರಟರು. ಕನಕರಾಯನ ಜೊತೆಗಾರ ಬಳಗಾನೂರಿನ ಬೀಜದ ಅಂಗಡಿಯ ಹಸನ್‌ಸಾಬ್. ಅರಮನೆಯ ಅಂಗಳದಲ್ಲಿ ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಕನಕರಾಯ ಕೈಮುಗಿದು ಮೊಬೈಲು ತೆಗೆದ.

"ತಾಯಿಯವರೇ, ನಾನು ಮಸ್ಕಿಯವನು. ತಮಗೆ ಮಸ್ಕಿ ಗೊತ್ತಿದೆಯೇ?"

ಮೊಬೈಲು ಮುದುಕಿಗೆ ಹೇಳಿದ್ದು: "ತಾಯಿ, ನನಗೆ ಮಾಸ್ಕ್ ಇಲ್ಲ. ತಮ್ಮ ಹತ್ತಿರ ಮಾಸ್ಕ್ ಇದೆಯೇ?"

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಚಳಿಗೆ ಅವನ ಮೂಗು ಸೋರುತ್ತಿತ್ತು. ಪಾಪ ಅನಿಸಿರಬೇಕು, ಚೀಲದಿಂದ ಹೊಸ ಮಾಸ್ಕೊಂದನ್ನು ತೆಗೆದು ಎರಡೂ ಕೈಯಿಂದ ಕೊಟ್ಟಳು. ಕನಕರಾಯ ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

"ನೋಡಿದ್ಯಾ ಹಸನ್‌ಸಾಬ್? ಮಸ್ಕಿ ಅಂದ ಕೂಡ್ಲೆ ಕಾಣಿಕಿ ಕೊಟ್ಟಳು."

"ಮೂತಿಗೆ ಕಟ್ಟಾದು ಕೊಟ್ಟಾಳಲ್ರಿ?"

"ನಾವು ಮರ್ಯಾದಿ ಮಾಡಾಕ ತಲಿಗೆ ರುಮಾಲ ಸುತ್ತತೀವಿ. ಇವ್ರು ಮೂತಿಗೆ ಕಟ್ಟತಾರ. ಅವರವರ ಪದ್ಧತಿ."

ಕೊಟ್ಟವರ ಮನಸ್ಸು ನೋಯಬಾರದೆಂದು ಕನಕರಾಯ ಅದನ್ನು ಅಲ್ಲಿಯೇ ಕಟ್ಟಿಕೊಂಡ. ಮರುದಿನ ಮಹಾಗೋಡೆಯ ಮೇಲೆ ಟಿಕೀಟು ನೋಡುವವನಿಗೆ, ಕಾವಲುಗಾರನಿಗೆ, ಫೋಟೋ ತೆಗೆಸಿಕೊಳ್ಳುತ್ತಿದ್ದ ಗಂಡಹೆಂಡಿರಿಗೆ, ಶಾಲೆಯ ಮಕ್ಕಳ ಮಾಸ್ತರಿಣಿಗೆ ತಾನು ಮಸ್ಕಿಯವನೆಂದು ತಿಳಿಸಿದ. ಯಾರೂ ಬರಿಗೈಯಲ್ಲಿ ಕಳಿಸಲಿಲ್ಲ. ಸಂಜೆಗೆ ಹನ್ನೊಂದು ಮಾಸ್ಕ್ ಆಗಿದ್ದವು. ಗೋಡೆಯ ಮೇಲೆ ಎದೆ ಸೆಟೆಸಿ ನಿಂತ ಅವನ ಫೋಟೋವನ್ನು ಹಸನ್‌ಸಾಬ್ ಊರಿಗೆ ಕಳಿಸಿದ. ಫೋಟೋದಲ್ಲಿ ನಲವತ್ತು ಜನರಿದ್ದರು. ಮಾಸ್ಕ್ ಇದ್ದದ್ದು ಒಬ್ಬನಿಗೆ.

ಅಲ್ಲಿಂದ ವೇಗದ ರೈಲಿನಲ್ಲಿ ಶಿಯಾನ್ ನಗರಕ್ಕೆ ಹೋದರು. ಅಲ್ಲಿ ಒಬ್ಬ ಚಕ್ರವರ್ತಿಯ ಗೋರಿಯನ್ನು ಕಾಯಲು ಸಾವಿರಾರು ಮಣ್ಣಿನ ಸೈನಿಕರನ್ನು ಮಾಡಿ ನಿಲ್ಲಿಸಿದ್ದಾರೆ. ಕನಕರಾಯ ಕಟಾಂಜನ ಹಿಡಿದು ಬಹಳ ಹೊತ್ತು ನೋಡಿ, "ಒಬ್ಬನ ಮುಖ ಇದ್ದಂಗ ಇನ್ನೊಬ್ಬಂದಿಲ್ಲ. ಆದ್ರೂ ಎಲ್ಲಾರೂ ಸುಮ್ನ ನಿಂತಾರ. ನಮ್ಮ ಆಫೀಸಿನಂಗ," ಎಂದ. ಆಮೇಲೆ, ನಾವು ಶಾಲೆಯಲ್ಲಿ ಓದಿದ ಹ್ಯೂಯೆನ್‌ತ್ಸಾಂಗ್ ಭಾರತದಿಂದ ಒಯ್ದ ಗ್ರಂಥಗಳನ್ನು ಇಟ್ಟ ಗೋಪುರ ನೋಡಿದರು. ಅಲ್ಲಿ ಕನಕರಾಯನಿಗೆ ಗಂಟಲು ತುಂಬಿ ಬಂತು. ಅರ್ಧ ಭಕ್ತಿಯಿಂದ, ಅರ್ಧ ಬೀಜಿಂಗಿನ ಗಾಳಿಯಿಂದ. ಹೋಟೆಲಿಗೆ ಬರುವಷ್ಟರಲ್ಲಿ ಭಕ್ತಿ ಇಳಿದು ಕೆಮ್ಮು ಉಳಿದಿತ್ತು.

ಹೋಟೆಲಿನ ಬಾಗಿಲ ಬಳಿಯ ಮೇಜಿನ ಹಿಂದೆ ಒಬ್ಬ ಹುಡುಗಿ ನಿಂತಿದ್ದಳು. ಕನಕರಾಯ ಎರಡು ಸಲ ಕೆಮ್ಮಿ, ಮೊಬೈಲು ಹಿಡಿದು ಹೇಳಿದ: "ನಮ್ಮ ಮಸ್ಕಿಯಲ್ಲಿ ಶಾಸನವಿದೆ. ಎರಡು ಸಾವಿರದ ಮುನ್ನೂರು ವರ್ಷಗಳಿಂದ ಇದೆ."

ಮೊಬೈಲು ಹೇಳಿತು: "ನಮ್ಮ ಮಾಸ್ಕಿನಲ್ಲಿ ಶ್ವಾಸವಿಲ್ಲ. ಎರಡು ಸಾವಿರದ ಮುನ್ನೂರು ವರ್ಷಗಳಿಂದ ಇಲ್ಲ."

ಹುಡುಗಿ ವರ್ಷದ ಲೆಕ್ಕವನ್ನು ಬಿಟ್ಟು ಉಳಿದದ್ದನ್ನು ನಂಬಿದಳು. ಹತ್ತು ನಿಮಿಷದಲ್ಲಿ ಇಬ್ಬರು ಬಂದು ಕನಕರಾಯನ ಪೆಟ್ಟಿಗೆಯನ್ನು ನಾಲ್ಕನೆಯ ಅಂತಸ್ತಿನ ಕೋಣೆಯಿಂದ ನೆಲಮಟ್ಟದ ಕೋಣೆಗೆ ಇಳಿಸಿದರು. ಹಸನ್‌ಸಾಬನನ್ನು ಮೇಲೆಯೇ ಬಿಟ್ಟರು.

ಮರುದಿನ ಮಧ್ಯಾಹ್ನ ಅಮರೇಶ್ವರಿಯ ಫೋನು ಬಂತು. ಗೋಡೆಯ ಮೇಲಿನ ಫೋಟೋ ನೋಡಿದಾಗಿನಿಂದ ಆಕೆಗೆ ಊಟ ಸೇರಿರಲಿಲ್ಲ.

"ರೀ, ಆರಾಮ ಅದೀರೇನು? ಮೂತಿಗ್ಯಾಕ ಅದನ್ನ ಹಾಕ್ಯೊಂಡೀರಿ?"

"ನಾ ಹಾಕ್ಯೊಂಡಿಲ್ಲ, ಇಲ್ಲಿ ಮಂದಿ ಹಾಕ್ಯಾರ. ಎಲ್ಲಾರಿಗೂ ಹಾಕಂಗಿಲ್ಲ. ನಲವತ್ತು ಮಂದ್ಯಾಗ ನನಗೊಬ್ಬಾವಗ."

"ಹಸನ್‌ಸಾಬಣ್ಣ ಜೊತಿಗೆ ಅದಾನಲ್ಲ?"

"ಇಲ್ಲ, ಅವನ್ನ ಬ್ಯಾರೆ ಮಾಡಿದ್ರು. ನನ್ನ ಒಬ್ಬಾವನ್ನ ಇಟ್ಟಾರ. ಊಟ ಬಾಗಲದಾಗ ಇಟ್ಟು, ಗಂಟಿ ಬಾರಿಸಿ ಓಡಿ ಹೋಗ್ತಾರ. ಎದುರಿಗೆ ನಿಂದ್ರಾಕೂ ಅಂಜತಾರ ನೋಡು, ಅಷ್ಟು ಮರ್ಯಾದಿ."

"ಊಟಕ್ಕ ಏನು ಕೊಡ್ತಾರ?"

"ಗಂಜಿ."

ಅಮರೇಶ್ವರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಜ್ವರ ಅನ್ನುವ ಮಾತು ಬಾಯಿಂದ ಹೊರಡಲಿಲ್ಲ. "ಎಷ್ಟೈತ್ರಿ?" ಎಂದಷ್ಟೇ ಕೇಳಿದಳು.

ಕೋಣೆಯ ನಂಬರು ಕೇಳುತ್ತಿದ್ದಾಳೆಂದು ಕನಕರಾಯ ತಿಳಿದ. "ನೂರಾ ಮೂರು."

"ಯಾವಾಗಿಂದ?"

"ನಿನ್ನಿ ಸಂಜಿಂದ. ಮೊದಲ ನಾಕನೂರಾ ಹನ್ನೆರಡು ಇತ್ತು. ಆಮ್ಯಾಲ ಇಬ್ಬರು ಬಂದು ನೂರಾ ಮೂರಕ್ಕ ಇಳಿಸಿದ್ರು. ಫಿಕರ್ ಮಾಡಬ್ಯಾಡ." ಇಷ್ಟು ಹೇಳಿ ಅವನು ಕೆಮ್ಮತೊಡಗಿದ. ಕೆಮ್ಮಿನ ನಡುವೆ ಫೋನು ಕಟ್ಟಾಯಿತು.

ಅಮರೇಶ್ವರಿಯ ಅಳು ಕೇಳಿ ಪಕ್ಕದ ಮನೆಯ ಮೆಹರಬಾನು ಹೊಲಿಗೆ ಮಷಿನ್ ಬಿಟ್ಟು ಓಡಿ ಬಂದಳು.

"ನಾಕನೂರಾ ಹನ್ನೆರಡು ಇತ್ತಂತ ಮೆಹರಬಾನು. ಈಗ ನೂರಾ ಮೂರಕ್ಕ ಇಳಿಸ್ಯಾರಂತ."

ಮೆಹರಬಾನು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಯಾ ಅಲ್ಲಾ! ಚೀನಾ ಡಾಕ್ಟರು ಹುಷಾರ್ ಅದಾರ ಅಕ್ಕಾ. ನಮ್ಮ ಕಡಿ ಇಷ್ಟೊಂದು ಯಾರು ಇಳಸ್ತಿದ್ರು?"

ಸುದ್ದಿಗೆ ಒಂದು ಗಾಡಿ ಬೇಕಿತ್ತು. ಅದು ರಾಜೇಸಾಬನ ಆಟೊ. ಮಸ್ಕಿ ಬಿಡುವಾಗ ಕನಕರಾಯನಿಗೆ ಜ್ವರವಿತ್ತು. ಸಂತೆಕಲ್ಲೂರು ಮುಟ್ಟುವಷ್ಟರಲ್ಲಿ ಆಪರೇಶನ್ ಆಗಿತ್ತು. ಬಸ್ಸು ಹತ್ತಿ ಇನ್ನೊಂದು ದಿಕ್ಕಿಗೆ ಹೊರಟ ಸುದ್ದಿ ಸಿಂಧನೂರಿನಲ್ಲಿ ವಿರೇಶನ ಕಿವಿಗೆ ಬಿದ್ದದ್ದು ಹೀಗೆ: ಕನಕರಾಯನ ಶ್ವಾಸಕೋಶ ತೆಗೆದು ಬೇರೆ ಹಾಕಿದ್ದಾರೆ, ಹಾಕಿದ್ದು ಚೀನಾ ಮಾಲು, ಗ್ಯಾರಂಟಿ ಇಲ್ಲ.

ವಿರೇಶ ಕಂಪನಿಯವರಿಗೆ ಫೋನು ಮಾಡಿದ. ಅವರು "ಎಲ್ಲರೂ ಆರಾಮ ಇದ್ದಾರ್ರಿ," ಎಂದರು. ವಿರೇಶ ಕೂಡಲೇ ಅಕ್ಕನಿಗೆ ಫೋನು ಮಾಡಿ, "ಎಲ್ಲಾರೂ ಆರಾಮ ಅಂದ್ರ ಏನೋ ಮುಚ್ಚಿಡಾಕತ್ತಾರ," ಎಂದ.

ಲಿಂಗಸುಗೂರಿಗೆ ಸುದ್ದಿ ಸಂಜೆಯೊಳಗೆ ಮುಟ್ಟಿತು. ಶಿವಪ್ರಸಾದನ ದೊಡ್ಡಪ್ಪ ಬಸ್ಸಪ್ಪ ಶಕುನ ನೋಡುವ ಮನುಷ್ಯ. "ಬೀಗರು ನಿಶ್ಚಯಕ್ಕ ಮೊದಲ ಮಲಗ್ಯಾರಂದ್ರ ಇದು ದೇವರ ಸೂಚನಾ. ಆಗ ನೋಡಿದ್ದ ದೇವದುರ್ಗದ ಹುಡುಗಿಗೆ ಇನ್ನೂ ಎಲ್ಲೂ ಲಗ್ನ ಗೊತ್ತಾಗಿಲ್ಲ," ಎಂದು ಅಡಿಕೆ ಕತ್ತರಿಸುತ್ತ ಹೇಳಿದ. ಶಿವಪ್ರಸಾದ ಅನುಪಮಾಳಿಗೆ ಫೋನು ಮಾಡಿ, "ದೊಡ್ಡಪ್ಪ ಏನರ ಅನ್ಲಿ, ಅವ್ವ ಏನಂತಾಳೋ ಅದರ ಮ್ಯಾಲ ಐತಿ," ಎಂದ. ಅವ್ವ ಮರುದಿನ ಬೆಳಗಿನ ಬಸ್ಸಿಗೆ ಥರ್ಮಾಮೀಟರು, ಕೈಗವಸು, ನಾಲ್ಕು ಸೀರೆ ತೆಗೆದುಕೊಂಡು ಮಸ್ಕಿಯಲ್ಲಿ ಇಳಿದಳು.

"ತಂಗಿ, ಅಳೋದು ಆಮ್ಯಾಲ. ಮೊದಲ ಫಿನಾಯಿಲ್ ಎಲ್ಲೈತಿ ತೋರ್ಸು," ಎಂಬುದು ಹೊಸ್ತಿಲಲ್ಲಿ ಆದ ಮೊದಲ ಮಾತು. ಮಧ್ಯಾಹ್ನದೊಳಗೆ ಮಾಳಿಗೆಯ ಮೇಲಿನ ಕೋಣೆಯಿಂದ ಜೋಳದ ಚೀಲಗಳು ಒಂದು ಮೂಲೆಗೆ ಸರಿದವು, ಮಂಚ ಬಂತು, ಕಿಟಕಿಗೆ ಪರದೆ ಬಂತು. ಆಕೆ ಎಲ್ಲರನ್ನೂ ನಿಲ್ಲಿಸಿ ಒಂದೇ ನಿಯಮ ಹೇಳಿದಳು: "ಬ್ಯಾನಿ ಬಿದ್ದಾವಗ ಬ್ಯಾನಿ ಸುದ್ದಿ ಹೇಳಬಾರ್ದು. ಧೈರ್ಯ ಹೋಗತೈತಿ. ಫೋನಿನ್ಯಾಗೂ ಕೇಳಬ್ಯಾಡ್ರಿ, ಬಂದ ಮ್ಯಾಲೂ ಕೇಳಬ್ಯಾಡ್ರಿ. ಚೀನಾ ದವಾಖಾನಿ ಕಾಗದ ನನ್ನ ಕಣ್ಣಿಗೆ ಬೀಳ್ಬೇಕು. ಅದು ಬೀಳಾತನಕ ನಿಶ್ಚಯ ಇಲ್ಲ."

ಆಕೆಯ ಫೋನಿಗೆ ಹೆಲ್ತ್ ಇನ್ಸ್‌ಪೆಕ್ಟರ್ ಲಕ್ಷ್ಮಣನೂ ಬಂದ. ಹಿಂದೆ ಆಕೆಯ ಕೈಕೆಳಗೆ ಕೆಲಸ ಕಲಿತವನಾದ್ದರಿಂದ ನಿಂತುಕೊಂಡೇ ಫಾರ್ಮು ತುಂಬಿದ.

"ರೋಗಿ ಎಲ್ಲಿದಾರ್ರಿ?"

"ಚೀನಾದಾಗ," ಎಂದಳು ಅಮರೇಶ್ವರಿ.

"ರೋಗಿ ಸಂಪರ್ಕಕ್ಕೆ ಯಾರ್ಯಾರು ಬಂದಾರ?"

"ಚೀನಾದವ್ರು."

"ಅಂದಾಜು ಎಷ್ಟು ಮಂದಿ?"

"ನೂರಾ ನಲವತ್ತು ಕೋಟಿ ಅದಾರಂತ," ಎಂದಳು ಮೆಹರಬಾನು. ಲಕ್ಷ್ಮಣ ಫಾರ್ಮನ್ನು ತಿರುವಿ ನೋಡಿದ. ಅದರಲ್ಲಿ ಆರು ಸಾಲಿದ್ದವು. "ಮುಖ್ಯವಾದವ್ರನ್ನ ಅಷ್ಟ ಬರಕೊಂತೀನ್ರಿ," ಎಂದ.

ಅತ್ತ ಶಾಂಘೈಯಲ್ಲಿ ಉಳಿದವರೆಲ್ಲ ನದಿದಂಡೆಗೆ ನಿಂತು ಎತ್ತರದ ಕಟ್ಟಡಗಳ ಅಂತಸ್ತು ಎಣಿಸುತ್ತಿದ್ದಾಗ, ಗೈಡ್ ಹುಡುಗಿ ಕನಕರಾಯನೊಬ್ಬನನ್ನೇ ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಶಿಯಾನಿನ ಹೋಟೆಲಿನವರು ಆಕೆಗೆ ನಿಮ್ಮ ಅತಿಥಿಗೆ ಶ್ವಾಸವಿಲ್ಲ ಎಂದು ತಿಳಿಸಿದ್ದರು. ಬಿಳಿ ಕೋಟಿನವರು ಕನಕರಾಯನ ಎದೆಗೆ ನಳಿಗೆ ಇಟ್ಟರು, ತೋಳಿಗೆ ಪಟ್ಟಿ ಕಟ್ಟಿದರು, ಬೆರಳಿಗೆ ಚಿಮಟಿಗೆ ಸಿಕ್ಕಿಸಿದರು. ಕನಕರಾಯ ಸಹಕರಿಸಿದ. ದೊಡ್ಡವರ ಆರೋಗ್ಯದ ಮೇಲೆ ಸರಕಾರಗಳಿಗೆ ಕಾಳಜಿ ಇದ್ದೇ ಇರುತ್ತದೆ, ನಮ್ಮ ಮಂತ್ರಿಗಳನ್ನು ನೋಡುವುದಿಲ್ಲವೇ. ಕೊನೆಗೆ ಒಬ್ಬ ಹಿರಿಯರು ಎದ್ದು ನಿಂತು, ನಗುತ್ತ, ಅವನ ಕೈ ಕುಲುಕಿ ಒಂದು ಕಾಗದ ಕೊಟ್ಟರು. ಅದರ ತುಂಬ ಚೀನಿ ಅಕ್ಷರ, ಕೆಳಗೆ ರೊಟ್ಟಿಯಂಥ ದುಂಡನೆಯ ಕೆಂಪು ಮೊಹರು. ಮೂವತ್ತೈದು ವರ್ಷ ಮೊಹರುಗಳ ನಡುವೆ ಬಾಳಿದ ಕನಕರಾಯನಿಗೆ ಸಂಶಯವೇ ಉಳಿಯಲಿಲ್ಲ. ಅದು ಸನ್ಮಾನ ಪತ್ರ. ಹಸನ್‌ಸಾಬನಿಗೂ ತೋರಿಸದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

ಅವನು ಮಸ್ಕಿ ಬಸ್ ನಿಲ್ದಾಣದಲ್ಲಿ ಇಳಿದಾಗ ಐವತ್ತು ಜನ ಸೇರಿದ್ದರು. ಎಲ್ಲರೂ ಹತ್ತು ಮಾರು ದೂರ ಕೈಮುಗಿದು ನಿಂತಿದ್ದರು. ಲಕ್ಷ್ಮಣ ಪಿಸ್ತೂಲಿನಂಥದೊಂದನ್ನು ಅವನ ಹಣೆಗೆ ಹಿಡಿದು, ಜ್ವರ ಇಳಿದಿದೆ, ಕಾಗದ ಬಂದಿಲ್ಲ ಎಂದು ಬರೆದುಕೊಂಡ. ರಾಜೇಸಾಬನ ಆಟೊದಲ್ಲಿ ಡ್ರೈವರಿಗೂ ಪ್ರಯಾಣಿಕನಿಗೂ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿತ್ತು. ಕೈಗೆ ರಬ್ಬರಿನ ಗವಸು ಹಾಕಿಕೊಂಡ ಆದಮ್ಮ ಸ್ವತಃ ಮುಂದೆ ನಿಂತಿದ್ದಳು. ಎಲ್ಲರ ಮೂತಿಗೂ ಮಾಸ್ಕ್.

ಕನಕರಾಯನ ಕಣ್ಣು ಹನಿಗೂಡಿದವು. "ಚೀನಾದ ಪದ್ಧತಿ ನನಗಿಂತ ಮೊದಲ ಊರಿಗೆ ಬಂದೈತಲ್ಲ!" ಎಂದು, ಪ್ರಸಾದ ಹಂಚೋಣವೆಂದು ಚೀಲದಿಂದ ಅಷ್ಟರಲ್ಲಿ ನಲವತ್ತೊಂದಾಗಿದ್ದ ಮಾಸ್ಕುಗಳ ಕಟ್ಟನ್ನು ತೆಗೆದ. ಐವತ್ತು ಜನ ಒಮ್ಮೆಲೇ ಹಿಂದೆ ಸರಿದರು. ಹಿಂದಿದ್ದ ಬಾಳೆಹಣ್ಣಿನ ಬಂಡಿ ಪಲ್ಟಿಯಾಯಿತು.

ಮೂರು ದಿನ ಕನಕರಾಯ ಮಾಳಿಗೆಯಲ್ಲಿದ್ದ. ಊಟ ಬಾಗಿಲಿಗೆ ಬರುತ್ತಿತ್ತು. ಬಾಗಿಲು ಬಡಿದವರು ಅವನು ತೆರೆಯುವಷ್ಟರಲ್ಲಿ ಮೆಟ್ಟಿಲಿಳಿದಿರುತ್ತಿದ್ದರು. ಶಿಯಾನಿನಲ್ಲಿ ಆದಂತೆಯೇ ಆಗುತ್ತಿದ್ದುದರಿಂದ ಅವನಿಗೆ ಯಾವ ಪ್ರಶ್ನೆಯೂ ಬರಲಿಲ್ಲ. ಬೀಗರೇ ಬಂದು ಇದ್ದು ಸೇವೆ ಮಾಡುತ್ತಿದ್ದಾರೆಂಬುದು ಅವನನ್ನು ಮೆತ್ತಗಾಗಿಸಿತ್ತು. ಅನುಪಮಾ ಮಾತ್ರ ತಡೆಯಲಾರದೆ ಎರಡನೆಯ ದಿನ ಕೆಳಗಿನಿಂದ ಕೂಗಿ ಕೇಳಿದಳು: "ಅಪ್ಪಾ, ಅಲ್ಲಿ ಏನರ ಕಾಗದ ಕೊಟ್ಟಾರೇನು?"

"ಕೊಟ್ಟಾರ. ಈಗ ಕೇಳಬ್ಯಾಡ. ನಿಶ್ಚಯದ ದಿನ ಎಲ್ಲಾರ ಮುಂದ ತೋರಿಸ್ತೀನಿ. ಅವತ್ತ ನಿಮಗೆಲ್ಲ ಗೊತ್ತಾಗತೈತಿ," ಎಂದು ಅವನು ನಿಗೂಢವಾಗಿ ನಕ್ಕ.

ಕಾಗದದಲ್ಲಿ ಕೆಟ್ಟ ಸುದ್ದಿಯೇ ಇದೆಯೆಂದು ಅಮರೇಶ್ವರಿ ಒಲೆಯ ಮುಂದೆ ಅಳತೊಡಗಿದಳು. ಬಂದಾಗಿನಿಂದ ಅದೇ ಒಲೆಯ ಮುಂದೆ ಜೊತೆಯಲ್ಲಿ ರೊಟ್ಟಿ ಬಡಿದ ಆದಮ್ಮನಿಗೂ ಪಾಪ ಅನಿಸಿತು. ಮನೆ ಒಳ್ಳೆಯದು, ಹುಡುಗಿ ಇನ್ನೂ ಒಳ್ಳೆಯವಳು. ಆದರೆ ನಿಯಮ ನಿಯಮ. ಪೆಟ್ಟಿಗೆಯನ್ನು ಯಾರೂ ಮುಟ್ಟಬಾರದೆಂದು ಆಜ್ಞೆ ಮಾಡಿದವಳೂ ಆಕೆಯೇ ಆಗಿದ್ದಳು.

ನಿಶ್ಚಿತಾರ್ಥದ ದಿನ ಬೆಳಗ್ಗೆ ಲಿಂಗಸುಗೂರಿನಿಂದ ಹದಿನಾಲ್ಕು ಮಂದಿಯನ್ನು ತುಂಬಿಕೊಂಡ ಕ್ರೂಸರ್ ಗಾಡಿ ಮಸ್ಕಿಯ ಹೊರಗೆ ಪೆಟ್ರೋಲ್ ಬಂಕಿನ ಬಳಿ ನಿಂತಿತು. ಆದಮ್ಮನ ಫೋನು ಬಾರದೆ ಊರೊಳಗೆ ಚಕ್ರ ಇಡುವುದಿಲ್ಲ ಎಂದು ಬಸ್ಸಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದ. ಶಿವಪ್ರಸಾದ ಹೊಸ ಅಂಗಿಯಲ್ಲಿ ಬಂಕಿನ ಸುತ್ತ ತಿರುಗುತ್ತಿದ್ದ. ಮನೆಯಲ್ಲಿ ಅನುಪಮಾ ಹಸಿರು ರೇಷ್ಮೆ ಉಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಮುಹೂರ್ತ ಹನ್ನೊಂದೂವರೆಗೆ. ಹನ್ನೊಂದಕ್ಕೆ ಆದಮ್ಮ ನಿಟ್ಟುಸಿರಿಟ್ಟು, ಇವತ್ತು ಆಗುವುದಿಲ್ಲ ಎಂದು ಹೇಳಲು ಮಾಳಿಗೆ ಹತ್ತಿದಳು.

ಕನಕರಾಯ ಹೊಸ ಧೋತರ ಉಟ್ಟು, ಟವೆಲ್ ಹೊದ್ದು, ತಯಾರಾಗಿ ಮಂಚದ ಮೇಲೆ ಕೂತಿದ್ದ. ಆಕೆ ಬಾಯಿ ತೆರೆಯುವ ಮೊದಲೇ ಪೆಟ್ಟಿಗೆಯ ಬೀಗ ತೆಗೆದು ಕಾಗದವನ್ನು ಎರಡೂ ಕೈಯಿಂದ ಚಾಚಿದ. "ಬೀಗತ್ಯಾರ, ಮೊದಲ ನಿಮಗ ತೋರಿಸ್ತೀನ್ರಿ."

ಆದಮ್ಮ ಕನ್ನಡಕ ಏರಿಸಿದಳು. ಅಕ್ಷರ ಆಕೆಗೂ ಬಾರದು. ಆದರೆ ಅಂಕಿ ಎಲ್ಲ ಭಾಷೆಯಲ್ಲೂ ಒಂದೇ, ಅದರಲ್ಲೂ ಮೂವತ್ನಾಲ್ಕು ವರ್ಷ ಅವನ್ನೇ ಬರೆದವಳಿಗೆ. ಶಾಖ ಮೂವತ್ತಾರು ಪಾಯಿಂಟ್ ಆರು. ಬಿ.ಪಿ. ನೂರಿಪ್ಪತ್ತೆಂಟು, ಎಂಬತ್ತೆರಡು. ನಾಡಿ ಎಪ್ಪತ್ನಾಲ್ಕು. ಆಮ್ಲಜನಕ ತೊಂಬತ್ತೆಂಟು. ಆಕೆ ಎರಡು ಸಲ ಓದಿದಳು.

"ಇದರಾಗ ನೂರಾ ಮೂರು ಎಲ್ಲೈತ್ರಿ?"

"ಅದು ಕೋಣಿ ನಂಬರಲ್ರಿ? ಸನ್ಮಾನ ಪತ್ರದಾಗ ಅದನ್ಯಾಕ ಬರೀತಾರ?"

"ನಾಕನೂರಾ ಹನ್ನೆರಡು?"

"ಅದು ಮೊದಲಿನ ಕೋಣಿ."

ಆದಮ್ಮ ಜೋಳದ ಚೀಲದ ಮೇಲೆ ಕೂತಳು. ಕೈಯ ರಬ್ಬರಿನ ಗವಸುಗಳನ್ನು ಒಂದೊಂದಾಗಿ ಕಳಚಿ, ಮಡಚಿ, ಪಕ್ಕಕ್ಕಿಟ್ಟಳು. ಮೂತಿಯ ಮಾಸ್ಕನ್ನೂ ತೆಗೆದಳು. ಆಮೇಲೆ ಫೋನು ಹಚ್ಚಿದಳು.

"ಬಸ್ಸಪ್ಪಣ್ಣ, ಗಾಡಿ ಬಿಡ್ರಿ. ಬೀಗರು ಕಲ್ಲಿನಂಗ ಅದಾರ. ನಿಮ್ಮ ಬಿ.ಪಿ. ಎಷ್ಟೈತಿ ನೆನಪ ಮಾಡ್ಕೊಂಡು ಬರ್ರಿ."

ಮುಹೂರ್ತಕ್ಕೆ ಐದು ನಿಮಿಷ ಇರುವಾಗ ಕ್ರೂಸರ್ ಮನೆಯ ಮುಂದೆ ನಿಂತಿತು. ಉಂಗುರ ಬದಲಾದವು. ಕನಕರಾಯ ಸಭೆಗೆ ಕಾಗದ ತೋರಿಸಿ ಅಶೋಕನಿಂದ ಶುರು ಮಾಡಿ ಹತ್ತು ನಿಮಿಷ ಮಾತಾಡಿದ. ಆದಮ್ಮ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದರಿಂದ ಉಳಿದವರೂ ತಟ್ಟಿದರು. ಆ ಕಾಗದ ಸನ್ಮಾನ ಪತ್ರ ಅಲ್ಲವೆಂದು ಲಕ್ಷ್ಮಣ ಬಾಯಿ ತೆರೆದಾಗ, ಆಕೆ ಅವನ ಎಲೆಗೆ ಇನ್ನೆರಡು ಹೋಳಿಗೆ ಹಾಕಿಸಿದಳು.

ಊಟವಾದ ಮೇಲೆ ಶಿವಪ್ರಸಾದ ಚೀನಾದ ಫೋಟೋ ನೋಡಬೇಕೆಂದು ಮಾವನ ಮೊಬೈಲು ಕೇಳಿದ. ಅನುಪಮಾ ತೆಗೆದು ತೋರಿಸುವಾಗ, ಆ್ಯಪಿನಲ್ಲಿ ಹಳೆಯ ಮಾತುಕತೆಯೆಲ್ಲ ಹಾಗೆಯೇ ಉಳಿದಿದ್ದು ಕಣ್ಣಿಗೆ ಬಿತ್ತು. ಅಪ್ಪ ಹೇಳಿದ್ದನ್ನು ಮೊಬೈಲು ಏನೆಂದು ಕೇಳಿಸಿಕೊಂಡಿತು ಎಂಬುದು ಸಾಲು ಸಾಲಾಗಿ ಇತ್ತು. ಓದಿ ಮೊದಲು ನಗು ಬಂತು, ಆಮೇಲೆ ನಗು ನಿಂತಿತು. ಹೇಳದೆ ಇರುವುದು ಸರಿಯಲ್ಲವೆಂದು ಅಪ್ಪನನ್ನು ಹಿತ್ತಲಿಗೆ ಕರೆದು, ಮೆಲ್ಲಗೆ, ಒಂದೊಂದನ್ನೇ ಓದಿ ಹೇಳಿದಳು.

ಕನಕರಾಯ ನುಗ್ಗೆಗಿಡಕ್ಕೆ ಒರಗಿದ.

"ಅಂದ್ರ ಆ ಮುದುಕಿಗೆ ಮಸ್ಕಿ ಗೊತ್ತಿದ್ದಿಲ್ಲ."

"ಇಲ್ಲಪ್ಪ."

"ಅಶೋಕನೂ ಗೊತ್ತಿದ್ದಿಲ್ಲ."

"ಅದನ್ನ ನೀ ಕೇಳೇ ಇಲ್ಲ."

"ಯಾವನೋ ಮೂಗು ಸೋರಾವ ಬಂದು ಕೇಳಿದ, ತನ್ನ ಚೀಲದಾಗಿಂದು ಕೊಟ್ಟಳು." ಅವನು ಟವೆಲಿನ ಅಂಚು ತಿರುವಿದ. "ನಲವತ್ತೊಂದು ಮಂದಿ ಹಂಗ ಕೊಟ್ಟರು ನೋಡು. ಒಬ್ಬರೂ ಇಲ್ಲ ಅನ್ಲಿಲ್ಲ." ಆ ಮಾತಿನಿಂದ ಅವನಿಗೆ ಸಮಾಧಾನವಾದಂತೆ ಕಂಡಿತು. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂದು ಮುಖ ಸಣ್ಣದಾಯಿತು. "ಮತ್ತ ಈ ಮೂರು ದಿನ ಮಾಳಿಗಿ ಮ್ಯಾಲ ಇಟ್ಟಿದ್ದು?"

ಅನುಪಮಾ ಮೊಬೈಲನ್ನು ಆರಿಸಿ ಸೆರಗಿನಲ್ಲಿ ಮುಚ್ಚಿಕೊಂಡಳು.

ಹೊರಗೆ ಕ್ರೂಸರ್ ಹೊರಡಲು ನಿಂತಿತ್ತು. ಆದಮ್ಮ ನಾಲ್ಕು ಸೀರೆಯ ಚೀಲವನ್ನು ಕಾಲಬಳಿ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಕನಕರಾಯ ಹೋಗಿ ಕಿಟಕಿಯ ಬಳಿ ಕೈಕಟ್ಟಿ ನಿಂತ.

"ಬೀಗತ್ಯಾರ, ಒಂದು ಮಾತು ಕೇಳ್ತೀನಿ, ಖರೆ ಹೇಳ್ರಿ. ನನ್ನ ಮ್ಯಾಲ ಒಬ್ಬಾವನ್ನ ಇಟ್ಟಿದ್ದು, ಊಟ ಬಾಗಲಿಗೆ ಕಳಿಸಿದ್ದು, ಅದೆಲ್ಲಾ ಏನ್ರಿ?"

ಸೂಜಿ ಚುಚ್ಚುವಾಗ ನೋಯುವುದಿಲ್ಲ ಎನ್ನುತ್ತಿದ್ದುದನ್ನು ಬಿಟ್ಟರೆ, ಆದಮ್ಮ ಕೆಲಸದಲ್ಲಿದ್ದಷ್ಟು ವರ್ಷ ಯಾರಿಗೂ ಸುಳ್ಳು ಹೇಳಿದವಳಲ್ಲ. ಆಕೆ ಕನಕರಾಯನ ಮುಖ ನೋಡಿದಳು. ಅವನ ಹಿಂದೆ ಬಾಗಿಲಲ್ಲಿ ನಿಂತ ಸೊಸೆಯ ಮುಖವನ್ನೂ ನೋಡಿದಳು.

"ಅದಾ? ಅದು ಮರ್ಯಾದಿ ಬೀಗರ. ನಮ್ಮ ಲಿಂಗಸುಗೂರ ಕಡಿ ಹೆಣ್ಣಿನ ತಂದಿಗೆ ಹಂಗ ಮಾಡತೀವಿ."

"ಬಸ್ ನಿಲ್ದಾಣದಾಗ ಎಲ್ಲಾರೂ ದೂರ ನಿಂತಿದ್ದು?"

"ಅದೂ ಮರ್ಯಾದಿ."

"ಫಿನಾಯಿಲ್?"

"ಹಬ್ಬಕ್ಕ ಸಾರಸಂಗಿಲ್ಲೇನ್ರಿ? ಅದ ಅದು."

ಕನಕರಾಯನ ಎದೆ ಮತ್ತೆ ತನ್ನ ಮೊದಲಿನ ಅಗಲಕ್ಕೆ ಬಂತು. "ನನಗ ಗೊತ್ತಿತ್ರಿ," ಎಂದ.

ಗಾಡಿ ಚಾಲೂ ಆಯಿತು. ಆದಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಲಗ್ನಕ್ಕ ಮೊದಲ ಒಮ್ಮೆ ನಮ್ಮ ಮನಿಗೆ ಬರ್ರಿ. ನಮ್ಮ ಮಾಳಿಗಿ ಕೋಣಿ ಇದಕ್ಕಿಂತ ದೊಡ್ಡದೈತಿ, ವಾರಗಟ್ಲೆ ಇಡ್ತೀನಿ," ಎಂದಳು. ಕ್ರೂಸರಿನ ಧೂಳು ಅಡಗುವವರೆಗೆ ಕನಕರಾಯ ಕೈಮುಗಿದು ನಿಂತಿದ್ದು, ಆಮೇಲೆ ಹೆಂಡತಿಯ ಕಡೆ ತಿರುಗಿ, "ಇಷ್ಟು ದೇಶ ತಿರುಗಿ ಬಂದೆ. ಆದ್ರ ಮರ್ಯಾದಿ ಅಂದ್ರ ಲಿಂಗಸುಗೂರ ಮಂದಿದು," ಎಂದ.